ಐದು ಮುಖಗಳ ಕಾಗದ

ಆ ಕಾಗದವನ್ನು ಐದು ತಿಂಗಳು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಿದೆ. ಬಸ್ ಟಿಕೆಟ್ಟು, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಮುರಿದ ಸೀಮೆಸುಣ್ಣದ ತುಂಡುಗಳ ನಡುವೆ ಅದು ನಾಲ್ಕು ಮಡಿಕೆಯಾಗಿ ಕೂತಿತ್ತು. ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಹಳಿಯಾಳದ ಚರ್ಮದ ಡಾಕ್ಟರು ಕೊಟ್ಟದ್ದು. "ಸಾವಕಾಶ ತುಂಬಿಕೊಂಡು ಬರ್ರಿ ಅಕ್ಕಾರ, ಅವಸರ ಇಲ್ಲ" ಎಂದಿದ್ದರು. ತುಂಬುವುದಕ್ಕೆ ಅದರಲ್ಲಿ ಇದ್ದದ್ದಾದರೂ ಏನು? ಒಂದೇ ಒಂದು ಪ್ರಶ್ನೆ. ಸೋರಿಯಾಸಿಸ್‌ಗೆ ಪಡೆದ ಚಿಕಿತ್ಸೆಯಿಂದ ನಿಮಗೆ ಎಷ್ಟು ಸಮಾಧಾನವಾಗಿದೆ? ಅದರ ಕೆಳಗೆ ಸಾಲಾಗಿ ಐದು ದುಂಡು ಮುಖಗಳು. ಮೊದಲನೆಯದು ಅಳುತ್ತಿತ್ತು, ನಡುವಿನದು ತುಟಿಯನ್ನು ಗೆರೆಯ ಹಾಗೆ ನೆಟ್ಟಗೆ ಹಿಡಿದಿತ್ತು, ಐದನೆಯದು ಹಲ್ಲು ಕಾಣುವಂತೆ ನಗುತ್ತಿತ್ತು. ನಿಮ್ಮ ಮುಖ ಯಾವುದೋ ಅದಕ್ಕೊಂದು ಗುರುತು ಹಾಕಬೇಕು, ಅಷ್ಟೇ.

ಇಪ್ಪತ್ತೊಂಬತ್ತು ವರ್ಷದಿಂದ ಮಕ್ಕಳ ಹಾಳೆಗಳ ಮೇಲೆ ಸರಿ ತಪ್ಪು ಗುರುತು ಹಾಕುತ್ತಾ ಬಂದವಳು ನಾನು. ದಾಂಡೇಲಿಯ ಪ್ರಾಥಮಿಕ ಶಾಲೆಯ ಮಾಸ್ತರಿಣಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕಾರು. ಆದರೂ ಆ ಒಂದು ಗುರುತು ನನ್ನ ಕೈಯಿಂದ ಬೀಳಲಿಲ್ಲ. ಜುಲೈಯಲ್ಲಿ ಡಾಕ್ಟರು ಕೇಳಿದಾಗ "ಮನ್ಯಾಗ ಮರತ ಬಂದೇನ್ರಿ" ಎಂದೆ. ಸೆಪ್ಟೆಂಬರಿನಲ್ಲೂ ಅದನ್ನೇ ಅಂದೆ. ಮನೆಗೆಲಸ ಮಾಡದೆ ಬಂದ ನಾಲ್ಕನೆಯ ಇಯತ್ತೆಯ ಹುಡುಗರು ಹೇಳುವುದೂ ಇದನ್ನೇ. ಅವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪ ನನಗೆ ಹೀಗೆ ತಟ್ಟಿತೇನೋ.

ಹಾಗೆ ನೋಡಿದರೆ ಶಾಲೆಯೇ ನನ್ನನ್ನು ಬಹಳ ವರ್ಷ ಕಾಪಾಡಿತು. ಹದಿನೆಂಟು ವರ್ಷದ ಹಿಂದೆ ಮೊಣಕೈಯಲ್ಲಿ ಮೊದಲ ಕೆಂಪು ಮಚ್ಚೆ ಎದ್ದು, ಅದರ ಮೇಲಿಂದ ಬಿಳಿ ಹೊಟ್ಟು ಉದುರತೊಡಗಿದಾಗ, ಕಪ್ಪು ಸೀರೆಯ ಮೇಲೆ ಬಿದ್ದದ್ದೆಲ್ಲ ಸೀಮೆಸುಣ್ಣ ಎಂದು ಎಲ್ಲರೂ ನಂಬಿದರು. ನಾನೂ ನಂಬಿಸಿದೆ. ಒಂದು ದಿನ ಮೊದಲ ಬೆಂಚಿನ ಹುಡುಗಿಯೊಬ್ಬಳು "ಅಕ್ಕಾರ, ಖಡು ಬಿದ್ದೈತ್ರಿ" ಎಂದು, ಸೀಮೆಸುಣ್ಣವೆಂದೇ ತಿಳಿದು ಓಡಿಬಂದು ತನ್ನ ಪುಟ್ಟ ಕೈಯಿಂದ ನನ್ನ ಸೆರಗು ಝಾಡಿಸಿದಳು. ಅಯ್ಯೋ, ಮುಟ್ಟಬೇಡ ಎಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾಳಲ್ಲ. ಆ ದಿನ ಆಕೆಯನ್ನು ಎರಡು ಸಲ ಕೈ ತೊಳೆದುಕೊಳ್ಳಲು ಕಳಿಸಿದೆ. ಅಂದರೆ ನನ್ನ ಕಾಯಿಲೆಗೆ ಹೇಸಿದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಮುಂದೆ ಅದು ಅಂಗೈಗೆ ಇಳಿಯಿತು. ಅಂಗೈಯಲ್ಲಿ ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಬರುವುದಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಕೊಡುವಾಗ, ಅಂಗಡಿಯಲ್ಲಿ ಬೆಲ್ಲ ತೆಗೆದುಕೊಳ್ಳುವಾಗ, ಅರಿಶಿನ ಕುಂಕುಮ ಕೊಡುವಾಗ ಅದು ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತಿತ್ತು. ಔಷಧಕ್ಕೇನೂ ಬರವಿರಲಿಲ್ಲ. ಜೋಯಿಡಾ ಕಡೆಯ ಅಜ್ಜಿಯೊಬ್ಬಳು ಹಸಿರು ಸೊಪ್ಪು ಅರೆದು ಕೊಟ್ಟು, ಕೊಂಕಣಿಯಲ್ಲಿ ಏನೋ ಹೇಳಿ ಕೈ ಮುಗಿಯಿಸಿದಳು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಮುದಿ ವೈದ್ಯರೊಬ್ಬರು ಬಹಳ ಹೊತ್ತು ನಾಡಿ ಹಿಡಿದು ಕಹಿ ಗುಳಿಗೆ ಕೊಟ್ಟರು. ಉಳವಿಗೆ ಹರಕೆ ಆಯಿತು. ಬದನೆಕಾಯಿ ಬಿಡಿ ಎಂದವರ ಮಾತು ಕೇಳಿ ಒಂದು ವರ್ಷ ಎಣ್ಣೆಗಾಯಿ ಇಲ್ಲದೆ ಕಳೆದೆವು. ನನಗಿಂತ ಹೆಚ್ಚು ಸೊರಗಿದವರು ನಮ್ಮ ಮನೆಯವರು. ಕಾಗದ ಕಾರ್ಖಾನೆಯ ಎರಡನೆಯ ಪಾಳಿ ಮುಗಿಸಿ ಬಂದು ತಾಟಿನಲ್ಲಿ ಮತ್ತೆ ಹೀರೇಕಾಯಿ ಕಂಡು ಉಸಿರು ಬಿಡುತ್ತಿದ್ದರು. ಯಾರೋ ಹೇಳಿದ ಬಿಳಿ ಟ್ಯೂಬಿನ ಮುಲಾಮು ಹಚ್ಚಿದಾಗ ಎಂಟೇ ದಿನಕ್ಕೆ ಅಂಗೈ ಕೂಸಿನ ಕೈಯಂತೆ ನುಣುಪಾಯಿತು. ಬಿಟ್ಟ ಮೇಲೆ ಎರಡು ಪಟ್ಟಾಗಿ ಎದ್ದಿತು. ಹದಿನೆಂಟು ವರ್ಷದಲ್ಲಿ ನನ್ನ ಅಂಗೈ ನೋಡಿದವರು ಬಹಳ, ಮುಟ್ಟಿದವರು ಕಡಿಮೆ.

ಇದನ್ನೆಲ್ಲ ಹೇಳುತ್ತಿರುವುದು ಕಣ್ಣೀರು ಹಾಕಿಸುವುದಕ್ಕಲ್ಲ. ನಿಜವಾಗಿ ನನ್ನ ಎದೆಗೆ ನಾಟಿದ್ದು ಒಂದೇ ಸಂಗತಿ, ಅದು ರೊಟ್ಟಿಯದು.

ನಾವು ಧಾರವಾಡದ ಕಡೆಯಿಂದ ಬಂದವರು. ನಮ್ಮ ಓಣಿಯ ಬಹಳ ಮನೆಗಳು ಹಾಗೆಯೇ, ಕಾರ್ಖಾನೆಯ ಕೆಲಸಕ್ಕೆ ಬಂದು ನಿಂತವು. ಓಣಿಯ ತುದಿಯ ಗುಡಿಯಲ್ಲಿ ಪ್ರತಿ ಶ್ರಾವಣದಲ್ಲಿ ತಿಂಗಳುದ್ದ ಪುರಾಣ ಓದಿಸುತ್ತಾರೆ. ಕೊನೆಯ ದಿನ ಮಂಗಲ, ಬಂದವರಿಗೆಲ್ಲ ಊಟ. ಆ ಊಟಕ್ಕೆ ಮನೆಗೆ ಇಪ್ಪತ್ತೈದರಂತೆ ಜೋಳದ ಕಡಕ್ ರೊಟ್ಟಿ ಕೊಡಬೇಕು. ಮೊದಲೆಲ್ಲ ಹೆಂಗಸರು ಗುಡಿಯ ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಕೂತು ಎರಡು ದಿನ ಬಡಿಯುತ್ತಿದ್ದೆವು. ಹಿಟ್ಟಿನ ಬಿಸಿ, ಒಲೆಯ ಹೊಗೆ, ಸೊಸೆಯಂದಿರ ದೂರು, ಅತ್ತೆಯಂದಿರ ಅದಕ್ಕಿಂತ ದೊಡ್ಡ ದೂರು. ನನಗೆ ಬಹಳ ಇಷ್ಟವಾದ ಎರಡು ದಿನಗಳು ಅವು.

ಅಂಗೈ ಕೆಟ್ಟ ಮೊದಲ ವರ್ಷವೂ ಹೋಗಿ ಕೂತೆ. ಬಡಿದ ರೊಟ್ಟಿಗಳನ್ನು ಎತ್ತಿ ಬಿಳಿ ಧೋತರದ ಮೇಲೆ ಒಟ್ಟುವುದು ಪಾರಕ್ಕನ ಕೆಲಸ. ನಮ್ಮ ಎದುರು ಮನೆಯವಳು, ಗುಡಿಯ ಹೆಂಗಸರಿಗೆಲ್ಲ ಹಿರಿಯಳು. ಆಕೆ ನನ್ನ ರೊಟ್ಟಿಗಳನ್ನು ಎತ್ತಿ ಬಿಳಿ ಧೋತರದ ಮೇಲೆ ಇಡಲಿಲ್ಲ, ಪಕ್ಕದಲ್ಲಿ ಒಂದು ನೀಲಿ ಟವೆಲ್ ಹಾಸಿ ಅದರ ಮೇಲಿಟ್ಟಳು. ಏನೂ ಅನ್ನಲಿಲ್ಲ.  ಸಾಲಿನ ಹರಟೆ ಮಾತ್ರ ಸ್ವಲ್ಪ ಕಡಿಮೆಯಾಯಿತು. ಸಂಜೆ ಮನೆಗೆ ಹೊರಟಾಗ ಗುಡಿಯ ಆಕಳಿನ ಮುಂದೆ ಆ ನೀಲಿ ಟವೆಲ್ ಬಿಚ್ಚಿತ್ತು. ಆಕಳು ಮಾತ್ರ ಒಂದೂ ಬಿಡದೆ ತಿನ್ನುತ್ತಿತ್ತು.

ಪಾರಕ್ಕ ಕೆಟ್ಟವಳಲ್ಲ. ನಮ್ಮ ಮನೆಯವರು ದವಾಖಾನೆಯಲ್ಲಿ ಮಲಗಿದಾಗ ನಾಲ್ಕು ದಿನ ಡಬ್ಬಿ ಕಟ್ಟಿ ತಂದವಳು ಆಕೆಯೇ. ಅದಕ್ಕೇ ಆ ನೋವು ಹೋಗಲಿಲ್ಲ. ಕೆಟ್ಟವರು ಮಾಡಿದ್ದರೆ ಬೈದು ಮರೆಯಬಹುದಿತ್ತು.

ಅತ್ತೆಗೆ ಹೇಳಿದೆ. ಅತ್ತೆ ಬಸಲಿಂಗವ್ವನವರದು ಕಡಿಮೆ ಮಾತು, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ.  ಮರುವರ್ಷ ಶ್ರಾವಣ ಬಂದಾಗ "ನನಗ ಅಲ್ಲಿ ಕುಂಡ್ರಾಕ ಮೊಣಕಾಲು ಒಲ್ಲವು, ನಮ್ಮ ಮನೀವು ಮನ್ಯಾಗ ಬಡದು ಕಳಸ್ತೇನಿ" ಎಂದು ಗುಡಿಗೆ ಹೇಳಿ ಕಳಿಸಿದರು. ಮೊಣಕಾಲು ಗಟ್ಟಿಯಾಗಿಯೇ ಇದ್ದವು. ಅಲ್ಲಿಂದ ಮುಂದೆ ಮನೆಯ ರೊಟ್ಟಿಯೂ ಅವರದೇ, ಮಂಗಲದ ರೊಟ್ಟಿಯೂ ಅವರದೇ. ಅವರ ರೊಟ್ಟಿ ಓಣಿಗೆಲ್ಲ ಹೆಸರುವಾಸಿ. ಅಂಚಿನವರೆಗೂ ಹಾಳೆಯಂತೆ ತೆಳ್ಳಗೆ. ಕಾಗದ ಮಾಡುವ ಊರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತಿದ್ದೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜಿಸುವುದು. ಬಿರುಕು ಬಿಟ್ಟ ಆ ಕೈಯಲ್ಲಿ ಇಡಲು ಮನಸ್ಸು ಬಾರದೆ ಸಣ್ಣ ಹಿತ್ತಾಳೆ ತಾಟಿನಲ್ಲಿ ಇಟ್ಟುಕೊಂಡಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ನೀಲಾ, ಯಾಕ ತಾಟಿಗೆ ಇಳಿಸೀದಿ?"

"ಕೈ ಹಿಂಗೈತಲ್ಲರಿ ಅತ್ತಿ."

"ಅದು ಅಂಗೈಯಾಗ ಕುಂಡ್ರೂ ದೇವರು. ಕೈ ಹೆಂಗೈತಿ ಅಂತ ಅದು ಯಾವಾಗ ಕೇಳೇತಿ? ತಗೊ, ಕೈಯಾಗ ತಗೊ."

ತೆಗೆದುಕೊಂಡೆ. ಮೊದಲು ಉರಿಯಿತು. ಆಮೇಲೆ ಕಲ್ಲು ತಣ್ಣಗಿದೆ ಎನ್ನುವುದು ತಿಳಿಯಿತು.

ಹನ್ನೊಂದು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ಅತ್ತೆ ಹಿತ್ತಲಿನ ಪಾಚಿಗೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಎಲುಬು ಸೊಟ್ಟಗೆ ಕೂಡಿತು. ಚಮಚ ಹಿಡಿಯಲು ಬರುತ್ತಿತ್ತು, ಬಡಿಯಲು ಬರುತ್ತಿರಲಿಲ್ಲ. ಶ್ರಾವಣ ಹತ್ತಿರ ಬಂತು. ಅವರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನೋವಿಗಲ್ಲ ಎಂದು ನನಗೆ ಗೊತ್ತಿತ್ತು. ಹೆಸರೆಲ್ಲ ಕೈಯಲ್ಲೇ ಇದ್ದ ಹೆಂಗಸು, ಕೈ ಹೋಯಿತು. ನಾಲ್ಕನೆಯ ದಿನ ಅಡುಗೆಮನೆಯ ಬಾಗಿಲು ಹಾಕಿ ಒಳಗಿನಿಂದ ಚಿಲಕ ಇಟ್ಟರು. ಹಿಟ್ಟಿನ ಪರಾತ ನನ್ನ ಮುಂದೆ ತಳ್ಳಿದರು.

"ಹೆಸರು ನಂದು ಇರಲಿ, ಕೈ ನಿಂದು ಇರಲಿ."

"ಅತ್ತಿ, ಯಾರಿಗರ ಗೊತ್ತಾದ್ರ? ಯಾರಿಗರ ಏನರ ಆದ್ರ?"

"ಈ ಬ್ಯಾನಿ ಬಂದು ಏಳು ವರ್ಷಾತು, ನಾ ನಿನ್ನ ಜೋಡಿ ಒಂದ ಮನ್ಯಾಗ ಅದೇನಿ. ನನಗೇನಾಗೇತಿ? ಬಡಿ."

ನನ್ನ ಅಂಗೈಗೆ ಮಳೆಗಾಲ ಒಳ್ಳೆಯ ಕಾಲ. ಥಂಡಿಯಲ್ಲಿ ಬಿರಿಯುವ ಕೈ ಶ್ರಾವಣದ ಹೊತ್ತಿಗೆ ಬಹುಮಟ್ಟಿಗೆ ಕೂಡಿಕೊಂಡಿರುತ್ತದೆ. ಆದರೂ ಸಾಬೂನು ಹಚ್ಚಿ ಮೂರು ಸಲ ತೊಳೆದುಕೊಂಡು, ಶಿವನೇ ಎಂದು ಬಡಿದೆ. ಅತ್ತೆ ಪಕ್ಕದಲ್ಲಿ ಕೂತು ಅಂಚು ತೆಳ್ಳಗಾಗುವುದು ಹೇಗೆಂದು ತೋರಿಸಿದರು. ಕೊನೆಯ ಸುತ್ತಿನಲ್ಲಿ ಅಂಗೈ ಎತ್ತಿ ಬೆರಳ ತುದಿಯಿಂದ ಮಾತ್ರ ತಟ್ಟಬೇಕು. ಆ ಗುಟ್ಟನ್ನು ಅವರು ಅದುವರೆಗೆ ಯಾರಿಗೂ ಕೊಟ್ಟಿರಲಿಲ್ಲ.

ಹೀಗೆ ನಾವಿಬ್ಬರೂ ಕಳ್ಳರಾದೆವು. ಬಡಿಯುವ ಸಪ್ಪಳ ಓಣಿಗೆ ಕೇಳುತ್ತದಲ್ಲ, ಅದಕ್ಕೆ ಅತ್ತೆ ಕಿಟಕಿಯ ಹತ್ತಿರ ಕೂತು ಜೋರಾಗಿ ಕೆಮ್ಮುತ್ತಿದ್ದರು, ಒಳಗಿರುವುದು ತಾವೇ ಎಂದು ತಿಳಿಯಲಿ ಎಂದು. ಯಾರಾದರೂ ಬಾಗಿಲು ತಟ್ಟಿದರೆ ನಾನು ಎದ್ದು ಕಸಬರಿಗೆ ಹಿಡಿಯುತ್ತಿದ್ದೆ, ಅವರು ಒಲೆಯ ಮುಂದೆ ಸರಿದು ಕೈಗೆ ಹಿಟ್ಟು ಬಳಿದುಕೊಳ್ಳುತ್ತಿದ್ದರು. ಮಕ್ಕಳಿಗೆ ಸತ್ಯದ ಪಾಠ ಮಾಡುವ ಅಕ್ಕಾರು ಹನ್ನೊಂದು ಶ್ರಾವಣ ಹೀಗೆ ಕಸಬರಿಗೆ ಹಿಡಿದರು. ಮಂಗಲದ ಪಂಕ್ತಿಯಲ್ಲಿ ಪ್ರತಿ ವರ್ಷ ಯಾರಾದರೂ "ಬಸಲಿಂಗವ್ವನವು ಯಾವುವು, ಇತ್ತ ತರ್ರಿ" ಎಂದು ಕೂಗುತ್ತಿದ್ದರು. ಅತ್ತೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನಾನು ಎಲ್ಲರಿಗೂ ನೀರು ಕೊಡುತ್ತಿದ್ದೆ. ನನಗೆ ಸಂತೋಷವಾಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಎರಡನ್ನೂ ಹೇಳಿಬಿಡಬೇಕು.

ಎರಡು ವರ್ಷದ ಹಿಂದೆ ಹಳಿಯಾಳಕ್ಕೆ ಗುರುವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಚರ್ಮದ ಡಾಕ್ಟರು ಬರುತ್ತಾರೆ ಎಂದು ಗೊತ್ತಾಯಿತು. ಅತ್ತೆ ತಾವೂ ಹೊರಟರು. ಸಾಗವಾನಿ ಕಾಡಿನ ನಡುವೆ ಬಸ್ಸು ಹೋಗುವಾಗ ಇಷ್ಟೊಂದು ಡಾಕ್ಟರಾದರಲ್ಲ, ಇವರೇನು ಮಾಡಿಯಾರು ಎಂದುಕೊಂಡೆ. ಒಳಗೆ ಕೂತಿದ್ದವರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಬರೀ ಕೈಯಿಂದ ನನ್ನ ಎರಡೂ ಅಂಗೈ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿದರು.  ಆಮೇಲೆ, ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಈ ಕೈಲೆ ಏನೇನ ಕೆಲಸ ಮಾಡ್ತೀರಿ?"

"ಸೀಮೆಸುಣ್ಣ ಹಿಡೀತೇನ್ರಿ. ಪಾತ್ರಿ ತಿಕ್ಕತೇನ್ರಿ."

ಹಿಂದಿನಿಂದ ಅತ್ತೆ ಅಂದರು, "ರೊಟ್ಟಿ ಬಡೀತಾಳ್ರಿ. ಅದನ್ನ ಹೇಳಾಕ ಅಂಜತಾಳ. ಓಣಿ ಮಂದಿ ಎಲ್ಲಾ ನನ್ನವು ಅಂತ ತಿಂತಾರ, ಬಡಿಯಾಕಿ ಈಕಿ."

ಒಂಬತ್ತು ವರ್ಷದ ಗುಟ್ಟು ಹಳಿಯಾಳದಲ್ಲಿ ಹೀಗೆ ಬಯಲಾಯಿತು. ಡಾಕ್ಟರು ನಗಲಿಲ್ಲ. "ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ರಿ, ಅಕ್ಕಾರ. ಮುಟ್ಟಿದ್ರೂ ಹತ್ತೂದಿಲ್ಲ, ಉಂಡ್ರೂ ಹತ್ತೂದಿಲ್ಲ. ಬಡೀರಿ. ಬಿರಿತಾವಲ್ಲ, ಆವಾಗ ಅಷ್ಟ ಕೈಗೆ ವಿಶ್ರಾಂತಿ ಕೊಡ್ರಿ. ಪೂರ್ತಿ ಹೋಗಸ್ತೇನಿ ಅಂತ ನಾ ಹೇಳೂದಿಲ್ಲ. ಹಿಡತದಾಗ ಇಡೂಣು" ಎಂದರು. ಹದಿನಾರು ವರ್ಷ ಎಲ್ಲರೂ ಪೂರ್ತಿ ಹೋಗುತ್ತದೆ ಎಂದೇ ಹೇಳಿದ್ದರು. ಹೋಗುವುದಿಲ್ಲ ಎಂದವರ ಮೇಲೆ ನನಗೆ ಮೊದಲ ಸಲ ನಂಬಿಕೆ ಬಂತು.

ಅತ್ತೆ ಅಷ್ಟಕ್ಕೇ ಏಳಲಿಲ್ಲ. "ಹತ್ತೂದಿಲ್ಲ ಅಂತ ಒಂದು ಚೀಟ್ಯಾಗ ಬರದು ಕೊಡ್ರಿ" ಎಂದು ಹಟ ಹಿಡಿದರು. ಡಾಕ್ಟರು ಬರೆದು ಸಹಿ ಮಾಡಿ ಕೊಟ್ಟರು. ಅತ್ತೆ ಅದನ್ನು ಎಲೆ ಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡರು. ಆದರೆ ಓಣಿಯಲ್ಲಿ ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಮುಂದಿನ ಮಾತೂ ಹೇಳಬೇಕಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು.

ಈ ವರ್ಷ ಯುಗಾದಿಯಾಗಿ ಹದಿನೈದು ದಿನಕ್ಕೆ ಅತ್ತೆ ಹೋಗಿಬಿಟ್ಟರು. ಮಣ್ಣಿಗೆ ಒಯ್ಯುವ ಮುಂಚೆ ಅವರ ಬಲಗೈ ಹಿಡಿದುಕೊಂಡು ಕೂತಿದ್ದೆ. ಸೊಟ್ಟ ಎಲುಬು ಬೆರಳಿಗೆ ಸಿಗುತ್ತಿತ್ತು. ಒಂದು ತಿಂಗಳ ಮೇಲೆ ಚಂಚಿ ಬಿಚ್ಚಿದರೆ ಒಣಗಿದ ಎಲೆ, ಸುಣ್ಣದ ಡಬ್ಬಿ, ಆ ಚೀಟಿ. ಮಡಿಕೆಯಲ್ಲಿ ಸುಣ್ಣದ ಕಲೆಯಾಗಿತ್ತು.

ಡಾಕ್ಟರು ಐದು ಮುಖಗಳ ಕಾಗದ ಕೊಟ್ಟದ್ದು ಇದರ ನಂತರ. ಅಂಗೈ ಚೆನ್ನಾಗಿತ್ತು, ಹದಿನೆಂಟು ವರ್ಷದಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು. ಮೊಣಕೈಯಲ್ಲಿ ಗುರುತು ಮಾತ್ರ. ನಗುವ ಮುಖಕ್ಕೆ ಗುರುತು ಹಾಕಲು ಏನು ಅಡ್ಡಿ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಪೆನ್ನು ಹಿಡಿದಾಗಲೆಲ್ಲ ನೀಲಿ ಟವೆಲ್ ಕಣ್ಣ ಮುಂದೆ ಬರುತ್ತಿತ್ತು.

ಆಷಾಢದ ಕೊನೆಗೆ ಪಾರಕ್ಕ ಮನೆಗೆ ಬಂದಳು. ಮಂಗಲದ ಮಾತಾಡಲು. ಚಹಾ ಕುಡಿದು, ಅತ್ತೆಯ ಫೋಟೋ ನೋಡಿ ಕಣ್ಣೊರಸಿಕೊಂಡು, ಮೆಲ್ಲಗೆ ಅಂದಳು, "ಅಕ್ಕಾರ, ಬಸಲಿಂಗವ್ವ ಇಲ್ಲ. ನಿಮಗ ಸಾಲೀ ಕೆಲಸ ಬ್ಯಾರೆ. ಈ ಸಲ ನಿಮ್ಮ ಮನೀದು ಅಕ್ಕಿ ಕೊಟ್ಟಬಿಡ್ರಿ. ರೊಟ್ಟಿ ಬ್ಯಾಡ."

ಎಷ್ಟು ನಯವಾಗಿ ಹೇಳಿದಳೆಂದರೆ ನಾನು ತಲೆಯಾಡಿಸಿಬಿಟ್ಟೆ. ಅಷ್ಟರಲ್ಲಿ ಆಕೆಯ ಕಣ್ಣು ಅಡುಗೆಮನೆಯ ಕಟ್ಟೆಯ ಮೇಲಿದ್ದ ಅತ್ತೆಯ ದೊಡ್ಡ ಡಬ್ಬಿಯ ಮೇಲೆ ಬಿತ್ತು. ಮುಚ್ಚಳ ಅರೆ ತೆರೆದಿತ್ತು.

"ಅಯ್ಯ ಶಿವನ, ಬಸಲಿಂಗವ್ವನ ರೊಟ್ಟಿ ಇನ್ನೂ ಅದಾವ? ಒಂದು ಕೊಡ್ರಿ ನನಗ. ಆಕೀ ಕೈದು ತಿಂದು ಎಷ್ಟ ದಿನಾತು."

ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಆಕೆ ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ನಾನು ತಿದ್ದದೆ ಒಂದು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟೆ. ಪಾರಕ್ಕ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು.

"ಹಾಳಿ ಹಂಗ ಬಡೀತಿದ್ಲು. ಇಂಥಾ ಕೈ ಈ ಓಣ್ಯಾಗ ಇನ್ನ ಬರೂದಿಲ್ಲ ಬಿಡ್ರಿ."

ಸುಮ್ಮನಿರಬಹುದಿತ್ತು. ಆಕೆಯ ಬಾಯಲ್ಲಿ ಅತ್ತೆ ಇನ್ನೂ ಬದುಕಿದ್ದರು. ನಾನು ಬಾಯಿ ಬಿಟ್ಟರೆ ಅವರ ಹೆಸರಿಗೆ ನಾನೇ ಮಣ್ಣು ಹಾಕಿದಂತೆ. ಬಿಡದಿದ್ದರೆ ನಾನು ಸಾಯುವವರೆಗೆ ಅಕ್ಕಿ ಕೊಡುವುದು. ಚಂಚಿಯ ಚೀಟಿ ಅಲ್ಲೇ ದೇವರ ಗೂಡಿನಲ್ಲಿತ್ತು. ತಂದು ತೋರಿಸಲೇ ಅಂದುಕೊಂಡೆ. ಬೇಡವೆನಿಸಿತು. ಆಕೆಯ ಕೈಯಲ್ಲಿ ಇರುವುದೇ ಸಾಕಿತ್ತು.

"ಪಾರಕ್ಕ, ಅದು ಅತ್ತೀದಲ್ಲ. ಮೊನ್ನೆ ಐತವಾರ ನಾನ ಬಡದದ್ದು."

ಅಗಿಯುವುದು ನಿಂತಿತು.

"ಅತ್ತೀ ಮಣಿಕಟ್ಟು ಮುರದ ಮ್ಯಾಲೆ ಗುಡಿಗೆ ಬಂದುವೆಲ್ಲ ನನ್ನವರಿ. ಅವರು ಬಾಜೂಕ ಕುಂತು ಕಲಿಸಿದ್ರು."

"ಹನ್ನೊಂದು ವರ್ಷ?"

"ಹನ್ನೊಂದು."

ಆಕೆ ಕೇಳದಿದ್ದರೂ ನನ್ನ ಎರಡೂ ಅಂಗೈ ಚಾಚಿದೆ. ಬುಡದಲ್ಲಿ ಎರಡು ಕೆಂಪು ಮಚ್ಚೆ ಉಳಿದಿದ್ದವು. ಅವನ್ನು ಮುಚ್ಚಲಿಲ್ಲ. ಪಾರಕ್ಕ ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. ಹೊರಗೆ ಕಾರ್ಖಾನೆಯ ಪಾಳಿ ಬದಲಾಗುವ ಭೋಂಗಾ ಕೂಗಿ ನಿಂತಿತು.

"ಆವತ್ತ ಆಕಳಿಗೆ ಹಾಕಿದ್ದು ನಿಮಗ ಗೊತ್ತಿತ್ತೇನ್ರಿ?" ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಜೋಡಿ ಮಾತಾಡೀರಿ ಇಷ್ಟ ವರ್ಷ."

 ಆಕೆಯ ಕೈಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅದನ್ನು ತಾಟಿನಲ್ಲಿ ಇಡುತ್ತಾಳೋ ಏನೋ ಎಂದು ನಾನು ಅದನ್ನೇ ನೋಡುತ್ತಿದ್ದೆ. ಆಕೆ ಹಿಂಡಿಗೆ ಒತ್ತಿ, ಮುರಿದು, ಬಾಯಿಗೆ ಹಾಕಿಕೊಂಡಳು.  ಪೂರ್ತಿ ತಿಂದು, ನೀರು ಕುಡಿದು, ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಅಂದಳು.

"ಅಕ್ಕಿ ಬ್ಯಾಡ್ರಿ. ಐವತ್ತು ಬಡೀರಿ. ಬಸಲಿಂಗವ್ವನ ಹೆಸರಿಲೆ ಇಪ್ಪತ್ತೈದು, ನಿಮ್ಮ ಹೆಸರಿಲೆ ಇಪ್ಪತ್ತೈದು."

ಆ ಶ್ರಾವಣದಲ್ಲಿ ಅಡುಗೆಮನೆಯ ಬಾಗಿಲು ತೆರೆದಿಟ್ಟು ಬಡಿದೆ. ಕೆಮ್ಮಲು ಯಾರೂ ಇರಲಿಲ್ಲ. ಆಗಾಗ ಕಿಟಕಿಯ ಕಡೆ ಕಣ್ಣು ಹೋಗುತ್ತಿತ್ತು. ಮಂಗಲದ ಹಿಂದಿನ ದಿನ ಪಾರಕ್ಕ ತಾನೇ ಬಂದಳು, ಹೆಗಲ ಮೇಲೆ ಈಗ ಮನೆಯಲ್ಲೇ ಬಡಿದು ಕೊಡುವ ಬೇರೆ ಮನೆಗಳ ರೊಟ್ಟಿಯ ಗಂಟು. ನಮ್ಮ ಪಡಸಾಲೆಯಲ್ಲಿ ಕೂತು ಗಂಟು ಬಿಚ್ಚಿ, ಬಿಳಿ ಧೋತರದ ಮೇಲಿದ್ದ ಎಲ್ಲರ ರೊಟ್ಟಿಗಳ ಮೇಲೆ ನನ್ನ ಐವತ್ತನ್ನೂ ಒಟ್ಟಿ, ಒಂದೇ ಗಂಟು ಕಟ್ಟಿದಳು. ಗಂಟು ಎತ್ತಿ ತಲೆಯ ಮೇಲಿಡಲು ನಾನೂ ಕೈ ಹಚ್ಚಬೇಕಾಯಿತು. ಆಗ ಆಕೆಯ ಕೈ ನನ್ನ ಕೈಗೆ ತಾಗಿತು, ಹಿಂದಕ್ಕೆ ಸರಿಯಲಿಲ್ಲ.

ಕಾರ್ತಿಕದಲ್ಲಿ ಥಂಡಿ ಬಿತ್ತು. ಅಂಗೈ ಮತ್ತೆ ಬಿರಿಯತೊಡಗಿತು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ, ಪೂರ್ತಿ ಹೋಗುವ ಜಾತಿಯಲ್ಲ ಅದು. ಗುರುವಾರ ಹಳಿಯಾಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಾಗದ ಬಿಚ್ಚಿದೆ. ಬಸ್ಸಿನ ಕುಲುಕಾಟಕ್ಕೆ ಗುರುತು ಸೊಟ್ಟಗೆ ಬಿತ್ತು. ದವಾಖಾನೆಯಲ್ಲಿ ಡಾಕ್ಟರು ಮೊದಲು ನನ್ನ ಕೈ ನೋಡಿದರು, ಆಮೇಲೆ ಕಾಗದ ನೋಡಿದರು, ಮತ್ತೆ ಕೈ ನೋಡಿದರು.

"ಮತ್ತ ಬಿರಿಯಾಕ ಹತ್ಯಾವಲ್ರಿ ಅಕ್ಕಾರ. ಹಿಂಗಿದ್ದೂ ಕಡೀ ಮುಖಕ್ಕ ಗುರುತು ಹಾಕೀರಲ್ಲ?"

"ಹೌದ್ರಿ" ಎಂದೆ. "ಈ ಸಲ ರೊಟ್ಟಿ ನನ್ನ ಹೆಸರಿಲೆ ಹೋದವ್ರಿ."